ಮಂಗನ ಬೋನಿನಲ್ಲಿ ಮನಃಶಾಸ್ತ್ರ

ಮನಃಶಾಸ್ತ್ರ ಕಲಿಸುವವರ ಬಾಳಿನಲ್ಲಿ ಗಂಭೀರವಾಗಿ ಶುರುವಾದ ಯಾವುದೂ ಗಂಭೀರವಾಗಿ ಮುಗಿಯುವುದಿಲ್ಲ. ನಾನು ದಿನಾ ಬಂಟ್ವಾಳದಿಂದ ಬಸ್ಸು ಹತ್ತಿ ಮೂಡುಬಿದಿರೆಯ ಕಾಲೇಜೊಂದಕ್ಕೆ ಹೋಗಿ ಈ ವಿಷಯ ಪಾಠ ಮಾಡುತ್ತೇನೆ. ಇದು ಗೊತ್ತಾದರೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಒಂದೋ ಸ್ವಲ್ಪ ದೂರ ಸರಿಯುತ್ತಾರೆ, ಇಲ್ಲವೇ "ನನ್ನ ಮನಸ್ಸಲ್ಲಿ ಈಗ ಎಂತ ಉಂಟು, ಹೇಳಿ ನೋಡುವ" ಎನ್ನುತ್ತಾರೆ. ಇದಕ್ಕೆಲ್ಲ ನಕ್ಕು ನಕ್ಕು ಒಗ್ಗಿಹೋಗಿದ್ದೇನೆ.

ಕಳೆದ ವರ್ಷ ಮಾತ್ರ ನಗು ಬರಲಿಲ್ಲ. ಆಡಳಿತ ಮಂಡಳಿಯ ಸಂಚಾಲಕರು ನನ್ನ ಪಠ್ಯಪುಸ್ತಕವನ್ನು ತಿರುವಿ ಹಾಕಿ, "ಮನಸ್ಸಿನ ಪಾಠದಲ್ಲಿ ಮಂಗ ಯಾಕೆ, ನಾಯಿ ಯಾಕೆ, ಬೆಕ್ಕು ಯಾಕೆ? ಇದು ಕಾಲೇಜೋ, ಪಶು ಆಸ್ಪತ್ರೆಯೋ?" ಎಂದು ಕೇಳಿದರು. ವರ್ಷದ ಕೊನೆಗೆ ಕ್ಲಾಸಿಗೆ ಬಂದು ಕೂರುತ್ತೇನೆ, ಹಿಡಿಸದಿದ್ದರೆ ಈ ವಿಷಯವನ್ನೇ ಮುಚ್ಚುವುದು ಎಂದೂ ಹೇಳಿದರು. ವಿಷಯ ಮುಚ್ಚಿದರೆ ನನ್ನ ಕೆಲಸವೂ ಹೋದಂತೆಯೇ.

ಉತ್ತರ ನನ್ನಲ್ಲಿತ್ತು. ಹಿಂದೆ ಮನಸ್ಸಿನ ಪಂಡಿತರು ಕುರ್ಚಿಯಲ್ಲಿ ಕೂತು ತಮ್ಮ ಮನಸ್ಸನ್ನು ತಾವೇ ಇಣುಕಿ ನೋಡುತ್ತಿದ್ದರು. ವಿಕಾಸವಾದ ಹೇಳಿದ ಗಡ್ಡದಜ್ಜ ಬಂದು, ಮನುಷ್ಯನಿಗೂ ಪ್ರಾಣಿಗೂ ನಂಟುಂಟು ಎಂದ. ಮೈಗೆ ನಂಟಿದ್ದರೆ ಮನಸ್ಸಿಗೂ ಇರಬೇಕಲ್ಲ! ಪಂಡಿತರು ಕುರ್ಚಿ ಬಿಟ್ಟೆದ್ದು ಮಗು, ನಾಯಿ, ಬೆಕ್ಕುಗಳ ಹಿಂದೆ ಬಿದ್ದರು. ಬದುಕಿ ಉಳಿಯಲಿಕ್ಕೆ ಈ ಮನಸ್ಸಿನಿಂದ ಏನು ಉಪಯೋಗ ಎಂದು ಕೇಳತೊಡಗಿದರು. ಇಷ್ಟನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಸಂಚಾಲಕರು ಕಾರು ಹತ್ತಿಯಾಗಿತ್ತು.

೧. ನೆರಿಯದ ಸಂಬಂಧಿಕರು

ಗಡ್ಡದಜ್ಜನ ಪಾಠ ಶುರುವಾದ ವಾರವೇ ಒಬ್ಬ ವಿದ್ಯಾರ್ಥಿನಿಯ ತಂದೆ ನೆರಿಯದಿಂದ ಬಂದರು. ಕಾಡಿನ ಅಂಚಿನಲ್ಲಿ ಕೃಷಿ ಮಾಡುವವರು. ಮುಖ ಬಿಗಿದುಕೊಂಡಿತ್ತು. ಇವರೂ ಸಂಚಾಲಕರಿಗೆ ದೂರು ಕೊಟ್ಟರೆ ನನ್ನ ಕತೆ ವರ್ಷದ ಕೊನೆಯವರೆಗೂ ಬಾಳುವುದಿಲ್ಲ ಎಂದುಕೊಂಡು ಕುರ್ಚಿ ಎಳೆದುಕೊಟ್ಟೆ.

"ಮೇಡಂ, ನಾವು ಮಂಗನಿಂದ ಬಂದದ್ದು ಅಂತ ಮಗಳು ಹೇಳ್ತಾಳೆ. ಹೌದಾ?"

"ಹಾಗಲ್ಲ," ಎಂದೆ. "ಬಹಳ ಹಿಂದೆ ಇಬ್ಬರಿಗೂ ಹಿರಿಯರು ಒಬ್ಬರೇ. ಆಮೇಲೆ ಕವಲು ಬೇರೆಯಾಯಿತು. ದಾಯಾದಿಗಳು ಅನ್ನಬಹುದು."

ಅವರು ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಮುಖ ನಿಧಾನಕ್ಕೆ ಸಡಿಲವಾಯಿತು. "ಹಾಗಾದ್ರೆ ಸರಿಯೇ ಮೇಡಂ. ಕೆಲಸದ ದಿನ ಒಂದೂ ಈಚೆ ತಲೆ ಹಾಕುವುದಿಲ್ಲ. ಬಾಳೆಗೊನೆ ಬಲಿತ ಕೂಡಲೇ ಸಂಸಾರ ಸಮೇತ ಬರ್ತವೆ. ಸೀಯಾಳ ಕುಡಿದು ಬುರುಡೆಯನ್ನು ನನ್ನ ಮೇಲೆಯೇ ಬಿಸಾಡ್ತವೆ. ದಾಯಾದಿಗಳೇ, ಸಂಶಯ ಇಲ್ಲ."

ಹೊರಡುವಾಗ ನನಗೊಂದು ಆಶ್ವಾಸನೆಯನ್ನೂ ಕೊಟ್ಟರು. "ಮಂಗ ಹಿಡಿಯುವ ದೊಡ್ಡ ಬೋನು ಉಂಟು ನನ್ನಲ್ಲಿ. ಪಾಠಕ್ಕೆ ಬೇಕಾದ್ರೆ ಹೇಳಿ, ಪಿಕಪ್ಪಿನಲ್ಲಿ ಕಳಿಸ್ತೇನೆ. ಈವರೆಗೆ ಅದರಲ್ಲಿ ಸಿಕ್ಕಿಬಿದ್ದದ್ದು ನಾನೊಬ್ಬನೇ."

೨. ಮಗುವಿಗೆ ಕಣ್ಣು

ಗಡ್ಡದಜ್ಜ ತನ್ನ ಸ್ವಂತ ಮಗುವನ್ನೇ ದಿನಾ ನೋಡಿ, ಅದು ಯಾವಾಗ ಹೆದರಿತು, ಯಾವಾಗ ಸಿಟ್ಟಾಯಿತು, ಯಾವಾಗ ನಕ್ಕಿತು ಎಂದು ಬರೆದಿಟ್ಟಿದ್ದ. ಮಕ್ಕಳ ಮನಸ್ಸನ್ನು ಓದುವ ಅಭ್ಯಾಸಕ್ಕೆ ಅದು ದೊಡ್ಡ ದಾರಿಯಾಯಿತು. ನೀವೂ ಮನೆಯಲ್ಲಿ ಮಗುವಿದ್ದರೆ ಹಾಗೆ ನೋಡಿ ಬರೆಯಿರಿ ಎಂದು ಕ್ಲಾಸಿಗೆ ಹೇಳಿದೆ.

ಪೊಳಲಿಯ ಹುಡುಗಿಯೊಬ್ಬಳ ಅಕ್ಕ ಬಾಣಂತನಕ್ಕೆ ಬಂದಿದ್ದಳು. ಇವಳು ತೊಟ್ಟಿಲ ಪಕ್ಕದಲ್ಲೇ ಸ್ಟೂಲು ಹಾಕಿ, ಪೆನ್ನು ಹಿಡಿದು ಕೂತಳು. ಅಜ್ಜಿ ಒಂದು ದಿನ ಸಹಿಸಿದರು. ಮರುದಿನ, "ನುಂಗುವ ಹಾಗೆ ನೋಡ್ತಾ ಕೂತಿದ್ದಾಳಲ್ಲ, ಮಗುವಿಗೆ ಕಣ್ಣು ಬೀಳುದಿಲ್ವಾ?" ಎಂದು ಉಪ್ಪು ಮೆಣಸು ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟು ಮನೆಯಿಡೀ ಹಬ್ಬಿತು. ಇವಳು ನೋಡುವುದು ಬಿಡಲಿಲ್ಲ, ಅಜ್ಜಿ ಸುಡುವುದು ಬಿಡಲಿಲ್ಲ.

ಅವಳ ವರದಿಯ ಕೊನೆಯ ಸಾಲುಗಳು ಹೀಗಿದ್ದವು: "ಮಗುವಿನ ಭಾವನೆ: ಅಳು. ಕಾರಣ: ಮೆಣಸು. ತಾಯಿಯ ಭಾವನೆ: ಅದೇ. ವೀಕ್ಷಕಿಯ ಭಾವನೆ: ಅದೇ. ಅಜ್ಜಿಗೆ ಮಾತ್ರ ಸಮಾಧಾನ."

೩. ಏಕಾದಶಿಯ ನಾಯಿ

ಗಡ್ಡದಜ್ಜನ ಶಿಷ್ಯನೊಬ್ಬ ಪ್ರಾಣಿಗಳ ಬುದ್ಧಿಯ ಕತೆಗಳನ್ನು ಊರೂರಿಂದ ತರಿಸಿ ಪುಸ್ತಕ ಮಾಡಿದ. ಆಮೇಲೆ ಬಂದ ಇನ್ನೊಬ್ಬ, ಸಣ್ಣ ಕಾರಣ ಸಾಕಾಗುವಲ್ಲಿ ಪ್ರಾಣಿಗೆ ದೊಡ್ಡ ಬುದ್ಧಿ ಕಟ್ಟಬೇಡಿ ಎಂದು ಲಗಾಮು ಹಾಕಿದ. ಇದನ್ನು ಹೇಳಿ ಮುಗಿಸುವ ಮೊದಲೇ ವಿಟ್ಲದ ಹುಡುಗ ಎದ್ದು ನಿಂತ. "ನಮ್ಮ ನಾಯಿ ಏಕಾದಶಿ ಉಪವಾಸ ಮಾಡ್ತದೆ ಮೇಡಂ. ಆ ದಿನ ಅವಲಕ್ಕಿ ಹಾಕಿದ್ರೆ ಮೂಸಿಯೂ ನೋಡುದಿಲ್ಲ. ಅಜ್ಜ ಅದಕ್ಕೆ ತೀರ್ಥ ಕೊಡ್ತಾರೆ."

ಮುಂದಿನ ಏಕಾದಶಿಗೆ ಅದರ ಹಿಂದೆಯೇ ಹೋಗಿ ನೋಡು ಎಂದೆ. ಹೋದ. ಭಕ್ತ ನಾಯಿ ಬೇಲಿ ನುಸುಳಿ, ತೋಡಿನ ನೀರು ದಾಟಿ, ಆಚೆ ಮನೆಯ ಹಿಂಬಾಗಿಲಲ್ಲಿ ಬೂತಾಯಿ ಮೀನಿನ ತಲೆಗಳನ್ನು ಹೊಟ್ಟೆ ತುಂಬ ಹೊಡೆಯುತ್ತಿತ್ತು. ಹುಡುಗ ಮೊಬೈಲಿನಲ್ಲಿ ಫೋಟೋ ತೆಗೆದು ಅಜ್ಜನಿಗೆ ತೋರಿಸಿದ. ಮನೆಯಲ್ಲಿ ರಾದ್ಧಾಂತವಾಗುತ್ತದೆಂದು ನನಗೆ ಹೆದರಿಕೆ. ಆದರೆ ಅಜ್ಜ ಕನ್ನಡಕ ಏರಿಸಿ ನಾಯಿಯನ್ನು ಬಿಟ್ಟು ಫೋಟೋದಲ್ಲಿ ಅದರ ಹಿಂದೆ ಹಿತ್ತಿಲ ಜಗಲಿಯಲ್ಲಿ ಬಟ್ಟಲು ಹಿಡಿದು ಕೂತಿದ್ದವರನ್ನು ನೋಡಿದರಂತೆ.

"ನಾಯಿಯದ್ದು ಇರಲಿ ಮಾರಾಯ. ಈ ಕೂತದ್ದು ನಿನ್ನ ಅಪ್ಪ ಅಲ್ವಾ?"

೪. ಪ್ರಯೋಗ

ಕೊನೆಗೂ ಸಂಚಾಲಕರು ಕ್ಲಾಸಿಗೆ ಬರುವ ದಿನ ಬಂತು. ಬೆಕ್ಕನ್ನು ಪೆಟ್ಟಿಗೆಯಲ್ಲಿ ಹಾಕಿ, ಅದು ಹೊರಗೆ ಬರುವುದನ್ನು ಹೇಗೆ ಕಲಿಯುತ್ತದೆಂದು ನೋಡುವ ಹಳೆಯ ಪ್ರಯೋಗವನ್ನು ತೋರಿಸುವುದೆಂದು ನಿರ್ಧರಿಸಿದ್ದೆವು. ಮೊದಲು ಬೆಕ್ಕು ಪರಚುತ್ತದೆ, ಕೂಗುತ್ತದೆ, ಆಕಸ್ಮಿಕವಾಗಿ ಹಲಗೆ ಒತ್ತಿ ಹೊರಗೆ ಬೀಳುತ್ತದೆ. ಮತ್ತೆ ಮತ್ತೆ ಹಾಕಿದಂತೆ ಬೇಗ ಬೇಗ ಬರುತ್ತದೆ. ಪೆಟ್ಟಿಗೆಗೆ ದುಡ್ಡಿಲ್ಲದ್ದರಿಂದ ನೆರಿಯದ ಬೋನು ಬಂತು. ಮೂಲೆಯ ಹಲಗೆ ಒತ್ತಿದರೆ ಚಿಲಕ ಬಿಡುವಂತೆ ವಿದ್ಯಾರ್ಥಿಗಳು ಹಗ್ಗ ಕಟ್ಟಿದರು. ಬೆಕ್ಕು ಕ್ಯಾಂಟೀನಿನದ್ದು. ತಾಲೀಮಿನಲ್ಲಿ ಚೆನ್ನಾಗಿಯೇ ಕಲಿತಿತ್ತು.

ಸಂಚಾಲಕರು ಪ್ರಿನ್ಸಿಪಾಲರ ಜೊತೆ ಬಂದು ಮುಂದಿನ ಸಾಲಿನಲ್ಲಿ ಕೂತರು. ಬೆಕ್ಕನ್ನು ಒಳಗೆ ಬಿಟ್ಟು, ಹೊರಗೆ ಮೀನಿಟ್ಟೆವು. ಬೆಕ್ಕು ಆಕಳಿಸಿ ಮಲಗಿತು. ಬಾಗಿಲಲ್ಲಿ ನಿಂತಿದ್ದ ಕ್ಯಾಂಟೀನಿನ ಅಕ್ಕ ಅಭಿಮಾನದಿಂದ ಹೇಳಿದರು: "ಹೊಟ್ಟೆ ತುಂಬಾ ಮೀನು ಹಾಕಿಯೇ ಕಳಿಸಿದ್ದೇನೆ ಮೇಡಂ. ಪರೀಕ್ಷೆಗೆ ಯಾರಾದ್ರೂ ಖಾಲಿ ಹೊಟ್ಟೆಯಲ್ಲಿ ಹೋಗ್ತಾರಾ?"

ಸಂಚಾಲಕರು ಎದ್ದರು. "ಬೆಕ್ಕು ಸರಿ ಉಂಟು, ನಿಮ್ಮ ಬೋನೇ ಸರಿ ಇಲ್ಲ. ನನ್ನ ತೋಟದಲ್ಲಿ ಇಂಥದ್ದು ಎಷ್ಟು ಬೇಕಾದ್ರೂ ಉಂಟು." ಎನ್ನುತ್ತ ಬಾಗಿಲು ತೆರೆದು, ಪಂಚೆ ಮೇಲೆ ಕಟ್ಟಿ, ಬಗ್ಗಿ ಒಳಗೆ ಹೋದರು. ಬೆಕ್ಕು ಅವರ ಕಾಲಡಿಯಿಂದ ನಿಧಾನವಾಗಿ ಹೊರಗೆ ಬಂತು. ಬಾಗಿಲು ಠಣ್ ಎಂದು ಮುಚ್ಚಿತು.

ಸಂಚಾಲಕರು ಸರಳು ಅಲುಗಾಡಿಸಿದರು. ಬಾಗಿಲನ್ನು ದೂಡಿದರು, ಒದ್ದರು, ಮೇಲಿನ ತಂತಿ ಎಳೆದರು, ಪ್ರಿನ್ಸಿಪಾಲರನ್ನು ಕೂಗಿದರು. ಪ್ರಿನ್ಸಿಪಾಲರು ಓಡಿಬಂದರೆ, ಮೊಬೈಲಿನಲ್ಲಿ ಸಮಯ ನೋಡುತ್ತಿದ್ದ ವಿಟ್ಲದ ಹುಡುಗ ಅಡ್ಡ ನಿಂತು, "ಮುಟ್ಟಬೇಡಿ ಸಾರ್, ಪ್ರಯೋಗ ನಡೀತಾ ಉಂಟು" ಎಂದ. ನನ್ನ ಕೆಲಸ ಹೋಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ. ಅಷ್ಟರಲ್ಲಿ ಸಂಚಾಲಕರು ತಿರುಗುವಾಗ ಮೊಣಕಾಲು ಹಲಗೆಗೆ ತಾಗಿ ಬಾಗಿಲು ತೆರೆಯಿತು.

ಹೊರಗೆ ಬಂದು ಬೆವರು ಒರೆಸಿದರು. ಅವರು ನಮ್ಮನ್ನು ನೋಡಲಿಲ್ಲ, ಹಲಗೆಯನ್ನೇ ನೋಡಿದರು. "ತಡೀರಿ," ಎಂದು ತಾವೇ ಮತ್ತೆ ಒಳಗೆ ಹೋಗಿ ಬಾಗಿಲು ಎಳೆದುಕೊಂಡರು! ಈ ಸಲ ಸ್ವಲ್ಪ ಅಲುಗಾಡಿಸಿ ಹಲಗೆ ಒತ್ತಿದರು. ಮತ್ತೊಮ್ಮೆ ಹೋಗಿ ಸೀದಾ ಒತ್ತಿ ಹೊರಬಂದರು. ಪೊಳಲಿಯ ಹುಡುಗಿ ಅಷ್ಟರಲ್ಲಿ ಪ್ರತಿ ಸಲ ಹಿಡಿದ ಸಮಯ ಗುರುತಿಸಿ ಕರಿಹಲಗೆಯ ಮೇಲೆ ಎತ್ತರದಿಂದ ಕೆಳಗಿಳಿಯುವ ಗೆರೆ ಎಳೆದು ಮುಗಿಸಿದ್ದಳು.

"ಅದೆಂತ?"

"ನಿಮ್ಮ ಕಲಿಕೆ ಸಾರ್. ಬೆಕ್ಕಿನದ್ದೂ ಹೀಗೇ ಇರ್ತದೆ."

ಸಂಚಾಲಕರು ಗೆರೆಯನ್ನು ನೋಡಿದರು, ಕಿಟಕಿಯಲ್ಲಿ ಮೈ ನೆಕ್ಕುತ್ತಿದ್ದ ಬೆಕ್ಕನ್ನು ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: "ಮೇಡಂ, ಬೆಕ್ಕು ಬೇಗ ಕಲಿತದ್ದೋ, ನಾನೋ?"

ತಾಲೀಮಿನ ಸತ್ಯ ನಾಲಿಗೆಯ ತುದಿಗೆ ಬಂತು, ಅಲ್ಲಿಂದ ಹಿಂದಕ್ಕೆ ಕಳಿಸಿದೆ. "ಬೆಕ್ಕು ಇವತ್ತು ಪರೀಕ್ಷೆಯನ್ನೇ ಬರೆಯಲಿಲ್ಲ ಸಾರ್. ನೀವೇ ಫಸ್ಟು."

ಅವರ ಮುಖ ಅರಳಿತು. "ವಿಷಯ ಇರಲಿ," ಎಂದರು. ಎಷ್ಟೋ ತಿಂಗಳಿಂದ ಎದೆಯಲ್ಲಿ ಸಿಕ್ಕಿಕೊಂಡಿದ್ದ ಉಸಿರು ನನಗೆ ಆಗ ಹೊರಗೆ ಬಂತು. ಖುಷಿಯಿಂದ ಕಣ್ಣೂ ಒದ್ದೆಯಾಯಿತು. ಬಾಗಿಲವರೆಗೆ ಹೋದ ಸಂಚಾಲಕರು ತಿರುಗಿ ನಿಂತು ನಮ್ಮ ಪ್ರಿನ್ಸಿಪಾಲರನ್ನು ಅಡಿಯಿಂದ ಮುಡಿಯವರೆಗೆ ಅಳೆದರು.

"ಬೋನು ಈಗಲೇ ವಾಪಸ್ ಕಳಿಸಬೇಡಿ ಮೇಡಂ. ಇವರಿಗೆ ಊಟ ಆಗಿಲ್ಲ, ಹಸಿವೆ ಉಂಟು. ಹಾಕಿ ನೋಡುವ."