ಬೀಗ ಹಾಕಿದ ಕೋಣೆಯ ಬಿಸಿಲಿನ ಬಗ್ಗೆ ಒಂದು ಅರಿಕೆ

ಸಮುದ್ರತೀರದಲ್ಲಿ ಬಿಡುವಿಲ್ಲದೆ ದುಡಿಯುತ್ತಿರುವ ನಮ್ಮ ಶಾಖೆಯ ವ್ಯವಸ್ಥಾಪಕರಿಗೆ, ನಾಲ್ಕನೆಯ ಮಹಡಿಯ ದೂರು ವಿಭಾಗದ ಹಿರಿಯ ಗುಮಾಸ್ತೆಯ ಸಾಷ್ಟಾಂಗ ವಂದನೆಗಳು. ಮಂಡಿ ಮಡಚಲು ಬಾರದ ಕಾರಣ ಸಾಷ್ಟಾಂಗವನ್ನು ಕಾಗದದ ಮೇಲೆ ಮಾತ್ರ ಮಾಡಿದ್ದೇನೆ, ಮನ್ನಿಸಬೇಕು.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವ ಶ್ರಮವನ್ನು ತಾವೇ ನಮಗೆ ಉಳಿಸಿದ್ದೀರಿ. ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸಭಾಕೋಣೆಯ ಪರದೆಯ ಮೇಲೆ ಪ್ರತ್ಯಕ್ಷರಾಗಿ, ಬಿಸಿಲಿರುವ ಊರಿನಲ್ಲಿ ಕೂತು ಕೆಲಸ ಮಾಡಿದರೆ ಹುಮ್ಮಸ್ಸು ಹೇಗೆ ಇಮ್ಮಡಿಸುತ್ತದೆ, ನಿದ್ದೆ ಹೇಗೆ ಸೊಗಸಾಗಿ ಬರುತ್ತದೆ ಎಂಬುದನ್ನು ಮುಕ್ಕಾಲು ಗಂಟೆ ವಿವರಿಸಿ, ಕೊನೆಗೆ ಕ್ಯಾಮೆರಾವನ್ನು ಸೂರ್ಯನತ್ತ ತಿರುಗಿಸಿ, 'ಎಲ್ಲರೂ ಎರಡು ನಿಮಿಷ ಕಣ್ಣು ಮುಚ್ಚಿ, ಆ ಶಾಖ ಮೈಗೆ ಇಳೀಲಿ' ಎಂದು ಅಪ್ಪಣೆ ಕೊಡಿಸುತ್ತೀರಿ. ನಾವು ಹನ್ನೊಂದು ಜನ ಟ್ಯೂಬ್‌ಲೈಟಿನ ಕೆಳಗೆ ಕಣ್ಣು ಮುಚ್ಚುತ್ತೇವೆ. ರವಾನೆ ಗುಮಾಸ್ತ ಗೊರಕೆ ಹೊಡೆದದ್ದನ್ನು ತಾವು ಧ್ಯಾನವೆಂದು ಮೆಚ್ಚಿಕೊಂಡಿರಿ. ಕನ್ನಡಿಯೊಳಗಿನ ಗಂಟು ಎಂಬ ಮಾತನ್ನು ನಾನು ಶಾಲೆಯಲ್ಲೇ ಕಲಿತಿದ್ದರೂ, ಅದರ ಪೂರ್ತಿ ಅರ್ಥ ತಮ್ಮ ದಯೆಯಿಂದ ಐವತ್ತಮೂರನೆಯ ವಯಸ್ಸಿನಲ್ಲಿ ಆಯಿತು.

ನನ್ನ ದೂರು ಚಿಕ್ಕದು. ಸೂರ್ಯ ಮೂಡುವ ಮುನ್ನ ಮನೆ ಬಿಟ್ಟು ಎರಡು ಬಸ್ಸು ಹಿಡಿದು ಬರುವ ನಾನು, ಅವನು ಮುಳುಗಿದ ಮೇಲೆ ಮನೆ ಸೇರುತ್ತೇನೆ. ನಡುವಿನ ಹೊತ್ತನ್ನು ನಮ್ಮ ಕಂಪನಿಯ ಮಿಕ್ಸಿಗಳು ಏಕೆ ಸುಟ್ಟುಹೋಗುತ್ತವೆ ಎಂದು ಕೇಳುವವರಿಗೆ ವಿನಯದ ಉತ್ತರ ಬರೆಯುತ್ತಾ ಕಳೆಯುತ್ತೇನೆ. ಎರಡು ತಿಂಗಳ ಹಿಂದೆ ಮೆಟ್ಟಿಲಿಳಿಯುವಾಗ ಕಾಲು ಸೋತು ಕುಸಿದೆ. ಡಾಕ್ಟರಮ್ಮ ರಕ್ತ ಪರೀಕ್ಷೆಯ ಚೀಟಿ ನೋಡಿ, 'ನೀವೇನು ಗುಹೇಲಿ ವಾಸ ಮಾಡ್ತೀರಾ? ಬಿಸಿಲಿಲ್ದೆ ಮೂಳೆ ಮೆತ್ತಗಾಗಿದೆ. ಮಾತ್ರೆ ಕೊಡ್ತೀನಿ, ಆದ್ರೆ ದಿನಾ ಹತ್ತು ಗಂಟೆ ಮೇಲೆ ಅರ್ಧ ಗಂಟೆ ಬಿಸಿಲಲ್ಲಿ ಕೂರಲೇಬೇಕು. ಹೀಗೇ ಬಿಟ್ರೆ ಮುಂದಿನ ಸಲ ಬಿದ್ದಾಗ ಸೊಂಟ ಮುರಿಯುತ್ತೆ' ಎಂದರು. ಮನೆಗೆ ಬಂದು ಹೇಳಿದರೆ ನನ್ನ ಮಗಳು, 'ಅಮ್ಮಾ, ಕತ್ತಲಲ್ಲಿಟ್ಟ ಆಲೂಗಡ್ಡೆಯಾದ್ರೂ ಮೊಳಕೆ ಬಿಡುತ್ತೆ, ನೀನು ಬರೀ ಬಾಡ್ತಿದ್ದೀಯ' ಎಂದು ನಗಲು ಹೋಗಿ ಅತ್ತಳು. ನನಗೂ ಭಯವಾಯಿತು, ಮಾನ್ಯರೇ. ಸೊಂಟ ಮುರಿದವಳಿಗೆ ನಾಲ್ಕು ಮಹಡಿ ಹತ್ತುವ ಕೆಲಸವನ್ನು ಯಾರು ಉಳಿಸಿಕೊಡುತ್ತಾರೆ?

ದಿನಕ್ಕೆ ಅರ್ಧ ಗಂಟೆ ಹೊರಗೆ ಹೋಗಲು ಅನುಮತಿ ಕೋರಿ, ಅದನ್ನು ಸಂಜೆ ತುಂಬಿಕೊಡುತ್ತೇನೆಂದು ತಮಗೆ ಬರೆದುಕೊಂಡೆ. 'ತಮಗಾದ ಅನಾನುಕೂಲಕ್ಕೆ ಹೃತ್ಪೂರ್ವಕವಾಗಿ ವಿಷಾದಿಸುತ್ತೇವೆ. ಸದರಿ ವಿಷಯವು ಪರಿಶೀಲನೆಯಲ್ಲಿದೆ' ಎಂದು ಉತ್ತರ ಬಂತು. ಓದಿ ಬೆವತುಹೋದೆ. ಏಕೆಂದರೆ ಆ ವಾಕ್ಯವನ್ನು ಹತ್ತೊಂಬತ್ತು ವರ್ಷದ ಹಿಂದೆ, ಸುಟ್ಟ ಮಿಕ್ಸಿಯವರಿಗೆ ಕಳಿಸಲೆಂದು ರಚಿಸಿದವಳು ನಾನೇ. ಅದರ ಅರ್ಥ 'ಏನೂ ಆಗುವುದಿಲ್ಲ, ಸುಮ್ಮನಿರಿ' ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಮ್ಮ ಮಹಡಿಗೆ ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ತಮ್ಮ ಕೋಣೆ. ಇಡೀ ಮಹಡಿಗಿರುವ ಒಂದೇ ಕಿಟಕಿ ಆ ಕೋಣೆಯಲ್ಲಿದೆ, ಅದರ ಬೀಗದ ಕೈ ತಮ್ಮ ಜೇಬಿನಲ್ಲಿ ಸಮುದ್ರಸ್ನಾನ ಮಾಡುತ್ತಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಸೂರ್ಯ ಮಾತ್ರ ಐದು ತಿಂಗಳಿಂದ ರಜೆ ಹಾಕದೆ ದಿನವೂ ಹತ್ತು ಗಂಟೆಗೆ ತಮ್ಮ ಖಾಲಿ ಕುರ್ಚಿಗೆ ಹಾಜರಾಗುತ್ತಾನೆ. ಬಾಗಿಲ ಕೆಳಗಿನ ಸಂದಿಯಿಂದ ನಾಲ್ಕು ಬೆರಳು ಅಗಲದ ಬಿಸಿಲು ಹೊರಗೆ ಬರುತ್ತದೆ. ನಾನು ಅಲ್ಲಿ ಸ್ಟೂಲು ಹಾಕಿಕೊಂಡು, ಚಪ್ಪಲಿ ಬಿಟ್ಟು, ಪಾದಗಳನ್ನು ಅದರಲ್ಲಿಟ್ಟು, ತೊಡೆಯ ಮೇಲೆ ಫೈಲಿಟ್ಟುಕೊಂಡು ಉತ್ತರ ಬರೆಯತೊಡಗಿದೆ. 'ಏನಕ್ಕಾ, ಪಾದ ಮಾತ್ರ ಗಟ್ಟಿಯಾದ್ರೆ ಸಾಕಾ?' ಎಂದು ರವಾನೆ ಗುಮಾಸ್ತ ರೇಗಿಸಿದ. ಇದರಿಂದ ಏನೂ ಆಗದೆಂದು ನನಗೂ ಗೊತ್ತಿತ್ತು. ಆದರೂ ಬೆಚ್ಚಗಿತ್ತು.

ಅಲೆಗಳ ಸದ್ದಿನ ನಡುವೆಯೂ ಪಡಸಾಲೆಯ ಕ್ಯಾಮೆರಾವನ್ನು ವೀಕ್ಷಿಸಿ ನನ್ನ ಪಾದಗಳನ್ನು ಗುರುತಿಸಿದ ತಮ್ಮ ಕರ್ತವ್ಯಪ್ರಜ್ಞೆಗೆ ಏನೆಂದು ಹೇಳಲಿ! 'ಸಿಬ್ಬಂದಿಯು ಬಾಗಿಲ ಬಳಿ ಕಾಲಹರಣ ಮಾಡುತ್ತಿರುವುದು ಕಂಡುಬಂದಿದೆ. ಸಂದಿಯನ್ನು ಕೂಡಲೇ ಮುಚ್ಚಿಸತಕ್ಕದ್ದು' ಎಂಬ ತಮ್ಮ ಆದೇಶ ಮರುದಿನವೇ ಬಂತು. ಅರ್ಧ ಗಂಟೆಯ ಅನುಮತಿಗೆ ಆರು ವಾರ ಪರಿಶೀಲನೆ, ನಾಲ್ಕು ಬೆರಳು ಬಿಸಿಲು ಕಿತ್ತುಕೊಳ್ಳಲು ಒಂದೇ ರಾತ್ರಿ. ಬಿಸಿಲು ಹುಮ್ಮಸ್ಸು ಹೆಚ್ಚಿಸುತ್ತದೆ ಎಂಬ ತಮ್ಮ ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ?

ಇಷ್ಟಾದರೂ ಕೆಲವು ವಿನಂತಿಗಳಿವೆ. ತಮ್ಮ ಎಡಭುಜದ ಮೇಲೆ ಬಿದ್ದು ವ್ಯರ್ಥವಾಗುವ ಬಿಸಿಲನ್ನು ನೀರು ಹೋಗದಂತೆ ಕಟ್ಟಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬಹುದೇ? ಅಥವಾ ಸೂರ್ಯನಿಗೊಂದು ಜ್ಞಾಪನಾಪತ್ರ ಹೊರಡಿಸಿ, ಕಚೇರಿ ಮುಗಿದ ಮೇಲೆ ರಾತ್ರಿ ಎಂಟರಿಂದ ಎಂಟೂವರೆಯವರೆಗೆ ನಮ್ಮ ಬಸ್ ನಿಲ್ದಾಣದಲ್ಲಿ ಹೆಚ್ಚುವರಿ ಕೆಲಸ ಮಾಡುವಂತೆ ಸೂಚಿಸಬಹುದೇ? ಇವೆರಡೂ ಕಷ್ಟವಾದರೆ, ನನ್ನ ಮೂಳೆಗಳಿಗೆ ಮಾತ್ರ ದೂರದಿಂದ ಕೆಲಸ ಮಾಡುವ ಅನುಮತಿ ಕೊಡಿ. ಉಳಿದ ನಾನು ಕಚೇರಿಗೆ ಬರುತ್ತೇನೆ.

ಮೊನ್ನೆ ತಮ್ಮ ಆದೇಶದಂತೆ ಬಡಗಿ ಬಂದ. ಬಾಗಿಲ ಎದುರಿನ ಸ್ಟೂಲು ಯಾರದೆಂದು ಕೇಳಿದ. ಕಾರಣ ಸಮೇತ ಹೇಳಿದೆ. ಅವನು ಕೂತು ಬಾಗಿಲ ಬುಡವನ್ನು ಉಗುರಿನಿಂದ ಕೆರೆದು, 'ಮರ ನೀರು ಕುಡಿದಿದೆ ಅಮ್ಮಾ, ಇದಕ್ಕೆ ಪಟ್ಟಿ ಹೊಡೆದ್ರೆ ನಿಲ್ಲಲ್ಲ. ಅಂಗಡಿಗೆ ತಗೊಂಡು ಹೋಗಿ ಮಾಡ್ಬೇಕು' ಎಂದ. ಬೀಗಕ್ಕೆ ಕೈಯನ್ನೂ ತಾಗಿಸದೆ ಹೊರಗಿನ ಕೀಲುಗಳ ತಿರುಪು ಬಿಚ್ಚಿ, ಬಾಗಿಲನ್ನು ಹೆಗಲ ಮೇಲೆ ಹೊತ್ತು ನಾಲ್ಕು ಮಹಡಿ ಇಳಿದು ಹೋದ. ಸಂದಿ ಮುಚ್ಚುವ ಕೆಲಸ ಹೀಗೆ ತಮ್ಮ ಅಪ್ಪಣೆಯ ಪ್ರಕಾರವೇ ನಡೆಯುತ್ತಿದ್ದು, ಸದ್ಯಕ್ಕೆ ಬಾಗಿಲು ಕೂಡ ತಮ್ಮ ಮೇಲ್ಪಂಕ್ತಿಯನ್ನು ಅನುಸರಿಸಿ ದೂರದಿಂದಲೇ ಕರ್ತವ್ಯ ನಿರ್ವಹಿಸುತ್ತಿದೆ.

ಈ ಪತ್ರವನ್ನು ತಮ್ಮ ಕುರ್ಚಿಯಲ್ಲಿ ಕೂತು, ಕಿಟಕಿಯನ್ನು ಪೂರ್ತಿ ತೆರೆದು, ಮೊಣಕೈವರೆಗೆ ತೋಳು ಮಡಚಿಕೊಂಡು ಬರೆಯುತ್ತಿದ್ದೇನೆ. ಉಳಿದವರೂ ಸರದಿಯ ಮೇಲೆ ಬಂದು ಕೂರುತ್ತಾರೆ. ಮೂರು ದಿನದಲ್ಲಿ ಎರಡು ತಿಂಗಳ ಬಾಕಿ ದೂರುಗಳೆಲ್ಲ ಮುಗಿದಿವೆ. ತಾವು ಹೇಳಿದ್ದು ಅಕ್ಷರಶಃ ನಿಜ ಎಂದು ಒಪ್ಪಿಕೊಳ್ಳಲು ನನಗೆ ಹೊಟ್ಟೆ ಉರಿಯುತ್ತದೆ.

ಮೈ ಬೆಚ್ಚಗಿರುವಷ್ಟು ಕಾಲ,
ತಮ್ಮ ವಿಶ್ವಾಸಿ,
ದೂರು ವಿಭಾಗದ ಹಿರಿಯ ಗುಮಾಸ್ತೆ

ತಾ.ಕ.: ಬಾಗಿಲು ಯಾವಾಗ ಸಿದ್ಧವಾಗುತ್ತದೆಂದು ತಮ್ಮ ಪರವಾಗಿ ಬಡಗಿಯನ್ನು ವಿಚಾರಿಸಿದೆ. 'ಸಾಹೇಬ್ರು ಬಂದು ಅಳತೆ ಕೊಟ್ಟ ದಿನ' ಎಂದ.