ವುಲ್ವರ್‌ಹ್ಯಾಂಪ್ಟನ್ನಿನ ಸುಲ್ತಾನರು

ಸಾಮ್ರಾಜ್ಯಗಳು ಹುಟ್ಟುತ್ತವೆ, ಮೆರೆಯುತ್ತವೆ, ಅಳಿಯುತ್ತವೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅವುಗಳಲ್ಲಿ ಎರಡು ನನ್ನ ವುಲ್ವರ್‌ಹ್ಯಾಂಪ್ಟನ್ನಿನ ಅಡುಗೆಮನೆಯಲ್ಲಿ ಅಳಿಯುತ್ತವೆ ಎಂದು ಮಾಸ್ತರರು ಹೇಳಿರಲಿಲ್ಲ. ನಾನು ವಿಜಯಪುರದವನು, ಇಂಗ್ಲೆಂಡಿನ ಈ ಊರಿನ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರಾಗಿದ್ದು ನಿವೃತ್ತನಾದವನು. ಜನರನ್ನು ಮಲಗಿಸುವುದೇ ಕಸುಬಾದ್ದರಿಂದ ಹೆಚ್ಚು ಮಾತಿನ ಅಗತ್ಯ ಬೀಳಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಆ ಕೊರತೆ ಗೊತ್ತಾಯಿತು. ಗೋಲಗುಂಬಜದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಮರುದನಿ ಬರುತ್ತದೆ. ನಮ್ಮ ಮನೆಯಲ್ಲಿ ಕುಕ್ಕರ್ ಕೂಗಿದರೂ ಕೇಳುವವರಿಲ್ಲ.

ಇದ್ದವನು ಶರಣಪ್ಪ ಒಬ್ಬ. ನಿವೃತ್ತ ಮೂಳೆ ಡಾಕ್ಟರು, ಕಲಬುರಗಿಯವನು, ಪಕ್ಕದ ಬೀದಿಯಲ್ಲಿ ನನ್ನಂತೆಯೇ ಒಂಟಿ. ಪ್ರತಿ ಭಾನುವಾರ ಶೇಂಗಾ ಚಟ್ನಿ ಹಿಡಿದು ಬರುತ್ತಿದ್ದ. ನಾನು ಜೋಳದ ರೊಟ್ಟಿ ಎಂಬ ಹೆಸರಿನಲ್ಲಿ ಏನನ್ನೋ ಬಡಿದಿಡುತ್ತಿದ್ದೆ. ಎರಡನೇ ರೊಟ್ಟಿಗೆ ಜಗಳ ಶುರು. ಇಬ್ಬರ ಹಣೆಯಲ್ಲೂ ವಿಭೂತಿ, ಕೊರಳಲ್ಲಿ ಲಿಂಗ. ಜಗಳ ಮಾತ್ರ ಸುಲ್ತಾನರದು.

“ನಿಮ್ಮ ಆದಿಲಶಾಹಿ ಅಂದ್ರ ಏನು? ನಮ್ಮ ಬಹಮನಿ ಮನಿ ಒಡದಾಗ ಪಾಲು ತಗೊಂಡು ಹ್ವಾದವರು,” ಎನ್ನುತ್ತಿದ್ದ.

“ಪಾಲು ತಗೊಂಡವರು ಗೋಲಗುಂಬಜ ಕಟ್ಟಿದ್ರು. ನೀವು ಕಲಬುರಗಿ ಬಿಸಲು ತಾಳಲಾರದ ಬೀದರಕ್ಕ ಓಡಿದ್ರಿ,” ಎನ್ನುತ್ತಿದ್ದೆ.

ಅವನು ಕಲಬುರಗಿ ಕೋಟೆಯೊಳಗಿನ ಮಸೀದಿಯ ಗುಮ್ಮಟಗಳನ್ನು ಎಣಿಸತೊಡಗಿದರೆ ನಾನು ಬೇಕಂತಲೇ ತಟ್ಟೆ ಸದ್ದು ಮಾಡುತ್ತಿದ್ದೆ. ಚಹಾದ ಹೊತ್ತಿಗೆ ಜಗಳದೊಳಗೆ ಮೊಗಲರು ಬಂದು ಉಳಿದವರನ್ನೂ ಮುಗಿಸುತ್ತಿದ್ದರು, ಅವನು ಕೋಟು ತೊಡುತ್ತಿದ್ದ. ಮುಂದಿನ ಭಾನುವಾರ ಎರಡೂ ರಾಜ್ಯಗಳು ಮತ್ತೆ ಎದ್ದು ಕೂತಿರುತ್ತಿದ್ದವು.

ಹೋದ ತಿಂಗಳು ದೂರದ ಲೀಡ್ಸಿನಲ್ಲಿರುವ ಅವನ ಮಗ ತನ್ನ ಜೊತೆಗೇ ಇರಲು ಕರೆದ. “ಬಹಮನಿಯವರು ರಾಜಧಾನಿ ಬದಲಿಸೋದು ಹೊಸಾದೇನಲ್ಲ ಬಿಡು,” ಎಂದು ಶರಣಪ್ಪ ನನ್ನನ್ನು ನಗಿಸಲು ನೋಡಿದ. ಹೊರಡುವಾಗ ಬಾಗಿಲಲ್ಲಿ ನಿಂತು, “ಖರೆ ಹೇಳ್ತೀನಿ, ಗೋಲಗುಂಬಜದಂಥಾದ್ದು ನಮ್ಮಲ್ಲಿ ಇಲ್ಲ. ನೀನೇ ಗೆದ್ದಿ,” ಎಂದ.

ವರ್ಷಗಟ್ಟಲೆ ಕಾದ ಮಾತು. ಕೇಳಿ ಸಂಕಟವಾಯಿತು. ಗೆದ್ದ ಮೇಲೆ ಇನ್ನು ಯಾವ ನೆಪದಲ್ಲಿ ಫೋನು ಮಾಡುವುದು? ಆರಾಮಾ, ಊಟ ಆಯ್ತಾ ಎಂದು ಕೇಳಿಕೊಳ್ಳುವ ಸ್ನೇಹ ನಮ್ಮದಾಗಿರಲಿಲ್ಲ. ಆ ಭಾನುವಾರ ಒಬ್ಬನೇ ಉಂಡೆ. ಚಟ್ನಿಯಿಲ್ಲದೆ ನನ್ನ ರೊಟ್ಟಿಯ ನಿಜರೂಪ ತಿಳಿಯಿತು.

ಮುಂದಿನ ಭಾನುವಾರ ತಡೆಯಲಾಗದೆ ಫೋನು ಮಾಡಿದೆ. “ಶರಣಪ್ಪ, ವಿಚಾರ ಮಾಡೀನಿ. ಗೋಲಗುಂಬಜ ಅಂಥಾ ದೊಡ್ಡದೇನಲ್ಲ. ನಿಮ್ಮ ಮಸೀದೀನೇ ಛಲೋ,” ಎಂದೆ.

“ಏನಾಗ್ಯಾದೋ ನಿನಗ? ಜಿಪಿ ಡಾಕ್ಟರ್ ಹತ್ರ ತೋರಿಸ್ಕೊಂಡೀಯೇನು?” ಎಂದ. ಆಮೇಲೆ ದನಿ ಏರಿತು: “ದೊಡ್ಡದಲ್ಲ ಅಂತಿಯಲ್ಲ, ಅಷ್ಟಗಲ ಗುಮ್ಮಟದ ಕೆಳಗ ಒಂದೂ ಕಂಬ ಇಲ್ಲ, ಗೊತ್ತದೇನು?”

ಗೊತ್ತಿಲ್ಲ ಎಂದೆ. ಅದರ ನೆರಳಿನಲ್ಲೇ ಆಡಿ ಬೆಳೆದವನು ನಾನು. ಮೊಗಲರು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಪಡೆದ ವಿಜಯಪುರವನ್ನು ಒಂದು ಫೋನಿಗೆ ಬಿಟ್ಟುಕೊಟ್ಟಿದ್ದೆ. ಶರಣಪ್ಪ ನಮ್ಮೂರನ್ನು ನನ್ನಿಂದ ಕಾಪಾಡುತ್ತಲೇ ಇದ್ದ. ಸ್ಪೀಕರ್ ಹಾಕಿ, ಫೋನನ್ನು ಅವನ ತಟ್ಟೆಯ ಜಾಗದಲ್ಲಿಟ್ಟು, ಎರಡನೇ ರೊಟ್ಟಿ ಬಡಿಸಿಕೊಂಡೆ.