ಅತ್ತೆಯ ಅಡುಗೆಗೆ ಹದಿನಾರು ಟೆರಾಬೈಟ್

ಕೆಲವು ಹೆಂಗಸರಿಗೆ ಸೀರೆ ಅಂಗಡಿಯ ಮುಂದೆ ಕಾಲು ತಾನಾಗಿ ನಿಂತುಬಿಡುತ್ತದಂತೆ. ನನ್ನ ಓರಗಿತ್ತಿಗೆ ಚಿನ್ನದಂಗಡಿ ಕಂಡರೆ ಕುತ್ತಿಗೆ ಆ ಕಡೆಗೇ ತಿರುಗಿ ಹಾಗೇ ಉಳಿಯುತ್ತದೆ. ನನಗೆ ಇಂಥ ಚಪಲಗಳೇನೂ ಇಲ್ಲವೆಂದು ಬಹಳ ಕಾಲ ಜಂಬ ಕೊಚ್ಚಿಕೊಂಡಿದ್ದೆ. ಈಗ ಒಪ್ಪಿಕೊಳ್ಳುತ್ತೇನೆ, ನನ್ನ ಚಪಲ ಹಾರ್ಡ್ ಡಿಸ್ಕು. ಶಾಲೆಯಲ್ಲಿ ಬಿಡುವಿನ ಪಿರಿಯಡ್ಡಿನಲ್ಲಿ ಬೇರೆ ಟೀಚರುಗಳು ಫೋನಿನಲ್ಲಿ ಜರತಾರಿ ಅಂಚು ನೋಡುತ್ತಿದ್ದರೆ, ನಾನು ಮೂಲೆಯಲ್ಲಿ ಕೂತು ಎಷ್ಟು ಟೆರಾಬೈಟು, ನಿಮಿಷಕ್ಕೆ ಎಷ್ಟು ಸುತ್ತು, ವಾರಂಟಿ ಎಷ್ಟು ವರ್ಷ ಎಂದು ನೋಡಿ ನೋಡಿ ನಿಟ್ಟುಸಿರು ಬಿಡುತ್ತಿದ್ದೆ. ಯಾರಾದರೂ ಹಿಂದಿನಿಂದ ಬಂದರೆ ಫೋನನ್ನು ತಿರುಗಿಸಿಡುತ್ತಿದ್ದೆ. ಸೀರೆ ನೋಡುವುದಕ್ಕೆ ಯಾರೂ ನಗುವುದಿಲ್ಲ. ಡಿಸ್ಕು ನೋಡಿದರೆ ನಗುತ್ತಾರೆ.

ಈ ರೋಗ ತಗುಲಿದ್ದು ನಮ್ಮ ಅತ್ತೆಯವರಿಂದ. ಅವರ ಹೆಸರು ನಿಂಗಾಜಮ್ಮ. ಕೆ.ಆರ್. ನಗರದಿಂದ ಸ್ವಲ್ಪ ದೂರದಲ್ಲಿ, ನಾಲೆಯ ಪಕ್ಕದ ಊರು ನಮ್ಮದು. ಗದ್ದೆ ಇದೆ, ಎರಡು ಹಸು ಇವೆ. ನಾನು ಕೆ.ಆರ್. ನಗರದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ, ನನ್ನ ಗಂಡ ಮಹದೇವ ಅಲ್ಲೇ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಒಂದು ಭಾನುವಾರ ಅತ್ತೆ ಹಿತಕಿದ ಅವರೆಕಾಳಿನ ಸಾರು ಮಾಡುತ್ತಿದ್ದಾಗ ತಮಾಷೆಗೆಂದು ವಿಡಿಯೋ ತೆಗೆದು ಯೂಟ್ಯೂಬಿಗೆ ಹಾಕಿದೆ. ಹುಣಸೂರು, ಪಿರಿಯಾಪಟ್ಟಣದಿಂದೆಲ್ಲ ಜನ ನೋಡಿ "ಅಮ್ಮ, ಬಸ್ಸಾರು ತೋರಿಸಿ" ಎಂದು ಬರೆದರು. ಬಸ್ಸಾರಾಯಿತು, ನಾಟಿ ಕೋಳಿಯಾಯಿತು, ಒತ್ತು ಶಾವಿಗೆಯಾಯಿತು. ಅತ್ತೆಗೆ ಕ್ಯಾಮೆರಾ ಅಭ್ಯಾಸವಾಗಿ, ಸೌಟು ಎತ್ತುವ ಮುಂಚೆ ಸೆರಗು ಸರಿಮಾಡಿಕೊಂಡು "ಆನ್ ಮಾಡ್ದಾ?" ಎಂದು ಕೇಳುವಷ್ಟಾದರು.

ತೊಂದರೆ ಶುರುವಾದದ್ದು ಆಮೇಲೆ. ಅತ್ತೆ ಒಂದು ಸಾರು ಮಾಡಲು ಕೂತರೆ ನಾನು ಮುಕ್ಕಾಲು ಗಂಟೆ ತೆಗೆಯುತ್ತೇನೆ. ಅದನ್ನು ಕತ್ತರಿಸಿ ಎಂಟು ನಿಮಿಷಕ್ಕೆ ಇಳಿಸುತ್ತೇನೆ. ಉಳಿದದ್ದನ್ನು ಅಳಿಸಿಬಿಟ್ಟರೆ ಜಾಗ ಮಿಗುತ್ತಿತ್ತು. ಒಮ್ಮೆ ಅಳಿಸುವುದಕ್ಕೆ ಹೊರಟೆ. ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದ ಅತ್ತೆ ಕೇಳಿದರು.

"ಅದೇನ್ ಮಾಡ್ತಿದ್ದೀಯೆ ಮಗಾ?"

"ಬೇಡದ್ದು ತೆಗೀತಿದ್ದೀನಿ ಅತ್ತೆ. ಒಳ್ಳೇದನ್ನ ಆಗಲೇ ಹಾಕಿ ಆಯ್ತಲ್ಲ."

ಅತ್ತೆ ಸೊಪ್ಪು ಕೆಳಗಿಟ್ಟರು. "ಅಕ್ಕಿ ತಕ್ಕಂಡ್ವಿ ಅಂತ ತೌಡ ಬಿಸಾಕ್ತಾರಾ? ಅಸುಗೆ ಆಯ್ತದೆ ಅಂತ ಮಡಗಲ್ವಾ? ನಾನು ಒಲೆ ಮುಂದೆ ಬೆವ್ರು ಸುರ್ಸಿದ್ದೀನಿ ಕಣವ್ವ. ಒಂದು ಚೂರೂ ಅಳಿಸ್ಬ್ಯಾಡ, ಮಡಗು."

ಮಡಗಿದೆ. ಲ್ಯಾಪ್‌ಟಾಪ್ ತುಂಬಿತು. ಫೋನು ತುಂಬಿತು. ಗಂಡನ ಫೋನನ್ನೂ ತುಂಬಿಸಿದ ಮೇಲೆ ಅವರಿಗೆ ಗಿರಾಕಿಗಳು ಕಳಿಸುತ್ತಿದ್ದ ಸುಟ್ಟ ಮೋಟಾರಿನ ಫೋಟೋ ಬರುವುದೇ ನಿಂತಿತು. ಕೊನೆಗೆ ಒಂದು ಪುಟ್ಟ ಪೋರ್ಟಬಲ್ ಡಿಸ್ಕು ತಂದು ಎಲ್ಲವನ್ನೂ ಅದರೊಳಗೆ ತುರುಕಿದೆ. ಅದೂ ಬಸುರಿಯ ಹಾಗೆ ಏದುಸಿರು ಬಿಡತೊಡಗಿತು. ಒಂದು ಬೆಳಿಗ್ಗೆ ಚುಚ್ಚಿದರೆ ಕಂಪ್ಯೂಟರು ಅದನ್ನು ಗುರುತೇ ಹಿಡಿಯಲಿಲ್ಲ. ಮೂರು ಸಲ ಕಿತ್ತು ಚುಚ್ಚಿದ ಮೇಲೆ ಗುರುತು ಹಿಡಿಯಿತು. ಅತ್ತೆಯ ಒಂದು ವರ್ಷದ ಬೆವರು ಅದರೊಳಗಿತ್ತು, ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಹೋಯಿತೆಂದರೆ ಅತ್ತೆಗೆ ಏನು ಹೇಳುವುದು?

ಹೊಸ ದೊಡ್ಡ ಡಿಸ್ಕಿನ ಬೆಲೆ ನೋಡಿ ಪುಟ ಮುಚ್ಚಿದೆ. ಆಗ ಕಣ್ಣಿಗೆ ಬಿದ್ದ ಪದ 'ರಿಫರ್ಬಿಶ್ಡ್'. ದೊಡ್ಡ ದೊಡ್ಡ ಕಂಪನಿಗಳು ತಮ್ಮ ಕಂಪ್ಯೂಟರು ಕೋಣೆಗಳಿಂದ ಕೆಲವು ವರ್ಷ ದುಡಿಸಿ ತೆಗೆದ ಡಿಸ್ಕುಗಳು. ಒರೆಸಿ, ಪರೀಕ್ಷೆ ಮಾಡಿ, ವಾರಂಟಿ ಕೊಟ್ಟು ಮಾರುತ್ತಾರೆ. ಒಂದೊಂದೂ ಹದಿನಾರು ಟೆರಾಬೈಟು, ಅತ್ತೆಯ ಎಷ್ಟೋ ವರ್ಷದ ಸಾರು ಹಿಡಿಯುವಷ್ಟು ಜಾಗ! ನನಗೆ ಮೈ ಜುಮ್ಮೆಂದಿತು. ಎರಡು ತರಿಸಿ, ಗಂಡನ ಅಂಗಡಿಯ ಅಟ್ಟದಲ್ಲಿ ದೂಳು ಹಿಡಿದಿದ್ದ ಹಳೆಯ ಕಂಪ್ಯೂಟರಿನೊಳಗೆ ಕೂರಿಸಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ತಾನಾಗಿ ಬರೆಯುವಂತೆ ಮಾಡಿದರೆ, ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಮನೆಯ ಟೀವಿಗೂ ಜೋಡಿಸಬಹುದು. ಆ ವಾರವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ. ಏಳನೇ ತರಗತಿಗೆ ಕೀಬೋರ್ಡಿನ ಪಾಠ ಮಾಡಬೇಕಾದಲ್ಲಿ ಡಿಸ್ಕಿನ ಪಾಠ ಮಾಡಿ ಬಂದೆ.

ಗಂಡನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. "ರಿವೈಂಡಿಂಗ್ ಮಾಡಿದ್ ಮೋಟ್ರು ಹೊಸದಕ್ಕಿಂತ ಚೆಂದಾಗಿ ಓಡ್ತದೆ ಬುಡು," ಎಂದರು. ಅದು ಅವರ ಹೊಟ್ಟೆಪಾಡಿನ ಸಿದ್ಧಾಂತ, ಬೇರೆ ಹೇಳುವ ಹಾಗಿರಲಿಲ್ಲ. ಅತ್ತೆಯೇ ಅಡ್ಡ ಬಂದರು.

"ಕಂಡೋರ ಮನೇಲಿ ಬಳಸಿ ಬಿಟ್ಟಿದ್ದಾ? ಅದ್ರಾಗೆ ನನ್ ಅಡುಗೆ ಮಡಗ್ತೀಯಾ? ಉಣಿಸೇಹಣ್ಣಾಕಿ ಉಜ್ಜಾದ್ರೂ ಉಜ್ಜು."

"ಅದಕ್ಕೆ ನೀರು ತಾಕಬಾರದು ಅತ್ತೆ. ಗಾಳಿಯೂ ಹೋಗದ ಹಾಗೆ ಮುಚ್ಚಿರ್ತಾರೆ. ಒಳಗೆ ಹೀಲಿಯಂ ಅನ್ನೋ ಗ್ಯಾಸ್ ತುಂಬಿರುತ್ತೆ."

ಇಷ್ಟು ಹೇಳಬಾರದಿತ್ತು. ಅತ್ತೆ ಎದ್ದು ನಿಂತರು. "ಗ್ಯಾಸಾ? ಲೇ ಮಾದೇವ, ನಿನ್ನೆಂಡ್ರು ಗ್ಯಾಸ್ ತರಿಸ್ತಾವ್ಳೆ ಕಣ್ಲಾ! ಒಲೆ ಅತ್ರ ಮಡಗಿದ್ರೆ ನಾನ್ ತಂಗಿ ಮನೆಗೆ ಒಂಟೋಯ್ತೀನಿ ಸರಗೂರಿಗೆ."

ಬೆಲೂನಿನಲ್ಲಿ ತುಂಬುವುದೂ ಅದೇ ಗ್ಯಾಸು, ಹೊತ್ತಿಕೊಳ್ಳುವುದಿಲ್ಲ ಎಂದು ಸಮಾಧಾನ ಮಾಡುವುದರಲ್ಲಿ ಸಾಕಾಯಿತು. ಉಗ್ರಾಣದಲ್ಲಿ ಅಕ್ಕಿ ಡ್ರಮ್ಮಿನ ಪಕ್ಕ ಇಡುವುದೆಂದು ರಾಜಿಯಾಯಿತು.

ಪಾರ್ಸಲ್ ಬರುವ ದಿನ ನಾನು ಶಾಲೆಗೆ ರಜೆ ಹಾಕಿದೆ. ಕಾರಣ 'ಮನೆಗೆ ನೆಂಟರು ಬರುತ್ತಾರೆ' ಎಂದು ಬರೆದೆ, ಅದು ನನ್ನ ಮಟ್ಟಿಗೆ ಸುಳ್ಳಲ್ಲ. ಕೊರಿಯರಿನವನು ನಾಲೆಯ ಏರಿ ಮೇಲೆ ದಾರಿ ತಪ್ಪಿ ಫೋನು ಮಾಡಿದಾಗ ನಾನೇ ಓಡಿಹೋಗಿ ಕರೆತಂದೆ. "ಏನ್ ಮೇಡಂ, ಇಟ್ಟಿಗೆ ತರಿಸಿದ್ದೀರಾ?" ಎಂದು ತೂಗಿ ನೋಡಿದ. "ಅಲುಗಿಸಬೇಡಪ್ಪಾ!" ಎಂದು ನಾನು ಕೂಗಿದ ಕೂಗಿಗೆ ಕೊಟ್ಟಿಗೆಯ ಹಸು ಕಿವಿ ನಿಮಿರಿಸಿತು. ಡಬ್ಬ ಬಿಚ್ಚಿದರೆ ಗುಳ್ಳೆ ಪ್ಲಾಸ್ಟಿಕ್ಕಿನ ಹಾಸಿಗೆಯಲ್ಲಿ ಎರಡು ಡಿಸ್ಕುಗಳು ಅವಳಿ ಕೂಸುಗಳಂತೆ ಮಲಗಿದ್ದವು. ಗಾಯವಿಲ್ಲ, ಗೀರಿಲ್ಲ. ನಾನು ಡಿಸ್ಕನ್ನು ಎತ್ತಿಕೊಂಡೆ, ಅತ್ತೆ ಗುಳ್ಳೆ ಪ್ಲಾಸ್ಟಿಕ್ಕನ್ನು ಎತ್ತಿಕೊಂಡರು. ಇಡೀ ಮಧ್ಯಾಹ್ನ ಜಗಲಿಯಲ್ಲಿ ಕೂತು ಟಪ್ ಟಪ್ ಎಂದು ಗುಳ್ಳೆ ಒಡೆದರು. "ಇದು ಚೆನ್ನಾಗದೆ ಕಣ್ಮಗಾ, ಇನ್ನೊಂದು ತರಿಸು," ಎಂದರು.

ಸಂಜೆ ಗಂಡ ಅಂಗಡಿಯ ಹಳೆಯ ಕಂಪ್ಯೂಟರನ್ನು ಹೊತ್ತು ತಂದ ಮೇಲೆ, ಉಗ್ರಾಣದಲ್ಲಿ ಡಿಸ್ಕುಗಳನ್ನು ಅದರೊಳಗೆ ಕೂರಿಸಿ, ತಂತಿ ಚುಚ್ಚಿ ಸ್ವಿಚ್ ಒತ್ತಿದೆವು. ಫ್ಯಾನು ತಿರುಗಿತು, ದೀಪ ಹತ್ತಿತು. ಡಿಸ್ಕುಗಳು ಮಿಸುಕಾಡಲಿಲ್ಲ. ಕಿವಿ ಇಟ್ಟರೆ ಉಸಿರಿಲ್ಲ. ಬೇರೆ ತಂತಿ ಚುಚ್ಚಿದರೂ ಇಲ್ಲ. ಗಂಡ ಮೋಟಾರಿಗೆ ತಟ್ಟುವ ಹಾಗೆ ತಟ್ಟಲು ಕೈ ಎತ್ತಿದರು, ನಾನು ಕೈ ಹಿಡಿದುಕೊಂಡೆ. ಬಾಗಿಲಲ್ಲಿ ನಿಂತಿದ್ದ ಅತ್ತೆ "ಗ್ಯಾಸ್ ಸೋರೋಗಿರ್ಬೇಕು," ಎಂದರು.

ನನಗೆ ಅಳು ಬಂತು. ಆದರೂ ಬಿಡಲಿಲ್ಲ. ಫೋನಿನಲ್ಲಿ ಹುಡುಕಿ ಹುಡುಕಿ ಎಲ್ಲೋ ಯಾರೋ ನನ್ನಂಥ ಹುಚ್ಚರು ಬರೆದದ್ದನ್ನು ಓದಿದೆ. ಕಂಪನಿಗಳಲ್ಲಿ ದುಡಿದ ಕೆಲವು ಡಿಸ್ಕುಗಳಿಗೆ ಹಳೆಯ ಕಂಪ್ಯೂಟರಿನ ತಂತಿ ಚುಚ್ಚಿದರೆ, ಮೂರನೆಯ ಪಿನ್ನಿನಲ್ಲಿ ಬರುವ ವಿದ್ಯುತ್ತನ್ನು 'ಮಲಗಿಕೋ' ಎಂಬ ಅಪ್ಪಣೆಯೆಂದು ತಿಳಿದು ಮಲಗಿಬಿಡುತ್ತವಂತೆ. ಆ ಪಿನ್ನಿನ ಮೇಲೆ ಚೂರು ಟೇಪು ಅಂಟಿಸಿದರೆ ಆಯಿತಂತೆ. ಗಂಡನ ಜೇಬಿನಲ್ಲಿ ಮೋಟಾರು ಸುತ್ತುವ ಹಳದಿ ಟೇಪು ಸದಾ ಇರುತ್ತದೆ. ನಾನು ಟಾರ್ಚು ಹಿಡಿದೆ, ಅವರು ಅಕ್ಕಿಕಾಳಿಗಿಂತ ಸಣ್ಣಗೆ ಟೇಪು ಕತ್ತರಿಸಿ ಅಂಟಿಸಿದರು. ಸ್ವಿಚ್ ಒತ್ತಿದೆವು. ಗುಂಯ್... ಎಂದು ಮೆಲ್ಲಗೆ ಶುರುವಾಗಿ, ಏರಿ ಏರಿ, ಆಮೇಲೆ ಕಟಕಟ ಕಟಕಟ! ಆಹಾ, ಆ ಸದ್ದು! ನಾನು ಗಂಡನನ್ನು ಅಪ್ಪಿಕೊಂಡೇಬಿಟ್ಟೆ. ಅತ್ತೆ ಎದುರಿಗೇ ಇದ್ದಾರೆಂಬುದು ಆಮೇಲೆ ನೆನಪಾಯಿತು. ಅವರು ಮುಖ ತಿರುಗಿಸಿಕೊಂಡು "ಅಕ್ಕಿ ಡ್ರಮ್ಮತ್ರ ಇಲಿ ಬಂದದೆ," ಎಂದರು. ಕಟಕಟ ಡಿಸ್ಕಿನದೆಂದು ಎಷ್ಟು ಹೇಳಿದರೂ ನಂಬದೆ ಬೆಳಿಗ್ಗೆ ಇಲಿಬೋನು ಇಟ್ಟರು.

ಆಮೇಲೆ ಡಿಸ್ಕಿನ ಮೂಲೆಮೂಲೆಯನ್ನೂ ಪರೀಕ್ಷೆಗೆ ಹಾಕಿದೆ. ಅದು ಒಂದು ದಿನಕ್ಕೆ ಮುಗಿಯುವ ಕೆಲಸವಲ್ಲ. ಕರೆಂಟು ಹೋದೀತೆಂದು ಒಂದು ಇನ್ವರ್ಟರಿಗೆ ಟ್ರ್ಯಾಕ್ಟರ್ ಬ್ಯಾಟರಿ ಜೋಡಿಸಿಟ್ಟೆವು. ಅತ್ತೆ ಆಗಾಗ ಬಂದು "ಇನ್ನೂ ಬೇಯಲಿಲ್ವಾ?" ಎಂದು ಇಣುಕುತ್ತಿದ್ದರು. ಬೆಂದಿತು. ಒಂದು ದೋಷವೂ ಇಲ್ಲ! ತಕ್ಷಣ ಪುಟ್ಟ ಡಿಸ್ಕಿನಲ್ಲಿದ್ದುದನ್ನೆಲ್ಲ ಇದಕ್ಕೆ ಸುರಿದೆ. ಸುರಿದು ಮುಗಿದ ಮಾರನೆಯ ದಿನ ಆ ಪುಟ್ಟ ಡಿಸ್ಕು ನಿಜಕ್ಕೂ ಕಣ್ಣು ಮುಚ್ಚಿತು. ನನಗೆ ದುಃಖವಾಗಲಿಲ್ಲ, ಗೆದ್ದೆನೆಂದು ಕುಣಿದೆ. ಟೀವಿಗೂ ಜೋಡಿಸಿದೆ. ರಿಮೋಟಿನಲ್ಲಿ ಯಾವ ಗುಂಡಿ ಒತ್ತಿದರೆ ಯಾವ ಸಾರು ಬರುತ್ತದೆಂದು ಅತ್ತೆಗೆ ನಾನೇ ಉತ್ಸಾಹದಿಂದ ಕಲಿಸಿದೆ. ನನ್ನ ವಿದ್ಯಾರ್ಥಿಗಳಲ್ಲಿ ಇಷ್ಟು ಬೇಗ ಕಲಿತವರು ಯಾರೂ ಇಲ್ಲ.

ಸ್ವಲ್ಪ ದಿನಕ್ಕೆ ಸರಗೂರಿನಿಂದ ಅತ್ತೆಯ ತಂಗಿ, ನಮ್ಮ ಚಿಕ್ಕತ್ತೆ ಬಂದರು. ನಾನು ಶಾಲೆ ಮುಗಿಸಿ ಬರುತ್ತಿದ್ದೇನೆ, ಬೀದಿಗೇ ಟೀವಿ ಕೇಳುತ್ತಿದೆ. ಅದರಲ್ಲಿ ಒಂದು ಹೆಂಗಸಿನ ದನಿ. ಎಲ್ಲೋ ಕೇಳಿದ ಹಾಗಿದೆಯಲ್ಲ ಎನ್ನುತ್ತಾ ಹೊಸಿಲ ಹತ್ತಿರ ಬಂದವಳು ಹಾಗೇ ನಿಂತೆ. ಅದು ನನ್ನದೇ ದನಿ.

"ಶುರುವಾಯ್ತು ಪುರಾಣ. ಈ ಈರುಳ್ಳಿ ಕೆಂಪಗಾಗೋದರೊಳಗೆ ಕಾವೇರಿ ಹೋಗಿ ಕನ್ನಂಬಾಡಿ ಸೇರಿರ್ತಾಳೆ."

ಓದುಗರಿಗೆ ಇಲ್ಲೊಂದು ವಿಷಯ ಹೇಳಬೇಕು. ಕ್ಯಾಮೆರಾ ಹಿಡಿದು ಮುಕ್ಕಾಲು ಗಂಟೆ ನಿಲ್ಲುವವರಿಗೆ ಬಾಯಿ ಸುಮ್ಮನಿರುವುದಿಲ್ಲ. ನಾನು ಗೊಣಗುತ್ತೇನೆ. ಒಗ್ಗರಣೆಯ ಚಟಪಟದಲ್ಲಿ ಅತ್ತೆಗೆ ಕೇಳುವುದಿಲ್ಲ. ಆದರೆ ಮೈಕು ನನ್ನ ಬಾಯಿಯ ಕೆಳಗೇ ಇರುತ್ತದೆ. ವಿಡಿಯೋ ಕತ್ತರಿಸುವಾಗ ಅದನ್ನೆಲ್ಲ ತೆಗೆದು ಮೇಲೆ ಕೊಳಲಿನ ಸಂಗೀತ ಹಾಕುವುದರಿಂದ ಯಾರಿಗೂ ತಿಳಿಯದು. ಅತ್ತೆ ಈಗ ನೋಡುತ್ತಿದ್ದದ್ದು ಕತ್ತರಿಸದೆ ಉಳಿಸಿದ್ದನ್ನು.

"ಉಪ್ಪು ಆಗಲೇ ಹಾಕಿ ಆಯ್ತು ಮಹಾತಾಯಿ," ಎಂದಿತು ಟೀವಿಯೊಳಗಿನ ನನ್ನ ದನಿ. "ಹಾಕಿ, ಇನ್ನೊಂದು ಹಿಡಿ ಹಾಕಿ. ನೋಡೋರು ಊರವರು, ತಿನ್ನೋರು ನಾವು ತಾನೆ."

ಚಿಕ್ಕತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಳುವೋ ನಗುವೋ ಬಾಗಿಲಿನಿಂದ ತಿಳಿಯಲಿಲ್ಲ. ಅತ್ತೆ ತಿರುಗಿ ನೋಡಿ ಮೆಲ್ಲಗೆ ಕೇಳಿದರು. "ಬಾ ಮಗಾ. ಇದ್ಯಾರ ದನಿ ಅಂತ ಒಸಿ ಯೋಳು."

ನನಗೆ ಹೊಳೆದದ್ದು ಒಂದೇ. "ಡಿಸ್ಕು ಹಳೇದಲ್ವಾ ಅತ್ತೆ... ಹಿಂದೆ ಇಟ್ಕೊಂಡಿದ್ದವರ ಮನೆಯದು ಒಂದಿಷ್ಟು ಉಳ್ಕೊಂಡಿರಬೇಕು."

"ಅಂಗಾ? ಅವ್ರ ಮನೇಲೂ ನಿಂಗಾಜಮ್ಮ ಅಂತ ಅತ್ತೆ ಇದ್ಲಾ? ನೀನ್ ಬರಕ್ ಮುಂಚೆ ಎಸ್ರು ಯೋಳಿ ಬೊಯ್ದಳಲ್ಲ!"

ಆ ರಾತ್ರಿ ಊಟದಲ್ಲಿ ಸಾರಿಗೆ ಉಪ್ಪು ಕಮ್ಮಿಯಿತ್ತು, ಕೇಳುವ ಧೈರ್ಯವಾಗಲಿಲ್ಲ. ಗಂಡನನ್ನು ಹಿತ್ತಿಲಿಗೆ ಕರೆದು ಏನು ಮಾಡುವುದೆಂದಾಗ ಅವರು "ಇನ್ನೊಂದು ಡಿಸ್ಕಲ್ಲೂ ಅದ್ಯಾ?" ಎಂದು ಕೇಳಿದರು. ಇದೆ, ಅಕ್ಷರವೂ ಬಿಡದೆ ಇದೆ ಎಂದೆ. "ಒಳ್ಳೆ ಮಾಲು ಕಣೆ," ಎಂದು ಮೆಚ್ಚಿಕೊಂಡು ಕೈ ತೊಳೆಯಲು ಹೋದರು. ಎರಡು ದಿನ ಅತ್ತೆ ನನ್ನೊಡನೆ ಲೆಕ್ಕಕ್ಕಷ್ಟೇ ಮಾತಾಡಿದರು. ಅದು ನಿಜವಾಗಿ ನೋಯಿಸಿತು. ಹಂಪಾಪುರದ ನನ್ನ ತವರಿನಲ್ಲಿ ಅಮ್ಮನಿಲ್ಲ. ಮದುವೆಯಾಗಿ ಬಂದ ದಿನದಿಂದ ಈ ಅತ್ತೆಯೇ ನನಗೆ ತಲೆಗೆ ಎಣ್ಣೆ ಹಚ್ಚಿದವರು. ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದರೆ ಅವರು ಹಸುವಿಗೆ ಹುಲ್ಲು ಹಾಕಲು ಹೋಗಿಬಿಡುತ್ತಿದ್ದರು.

ಭಾನುವಾರ ಬೆಳಿಗ್ಗೆ ಅವರೇ ಒಲೆ ಮುಂದೆ ಕೂತು ಕರೆದರು. "ಬಾ, ಆನ್ ಮಾಡು." ಮೀನು ಸಾರು. ನಾನು ತುಟಿ ಬಿಗಿದು ನಿಂತೆ. ಅತ್ತೆ ಈರುಳ್ಳಿ ಹಾಕಿ ಕ್ಯಾಮೆರಾವನ್ನು ನೆಟ್ಟಗೆ ನೋಡಿದರು. "ನೋಡ್ರವ್ವ, ಈ ಈರುಳ್ಳಿ ನಿಧಾನಕ್ಕೇ ಬೇಯ್ಬೇಕು. ನನ್ ಸೊಸೆಗೆ ಅರ್ಜೆಂಟು, ಹಿಂದೆ ನಿಂತ್ಕಂಡು ಗೊಣಗ್ತಾಳೆ. ಕಾವೇರಿ ಕನ್ನಂಬಾಡಿ ಸೇರ್ಕೊಳ್ಳಿ ಬುಡು, ಬ್ಯಾರೆ ಏನ್ ಕೆಲ್ಸ ಅವಳ್ಗೆ? ಇನ್ನು ಉಪ್ಪು. ಎಲ್ರೂ ನೋಡ್ಕಳಿ, ಒಂದೇ ಸಲ ಆಕ್ತಿದ್ದೀನಿ." ಅವರ ತುಟಿಯ ಕೊನೆ ನಡುಗುತ್ತಿತ್ತು. ಮೊದಲು ನಕ್ಕದ್ದು ನಾನೋ ಅವರೋ ನೆನಪಿಲ್ಲ. ಕ್ಯಾಮೆರಾ ಎಷ್ಟು ಅಲ್ಲಾಡಿತೆಂದರೆ ಮೀನು ನೀರಿನಲ್ಲಿದ್ದಾಗಲೂ ಅಷ್ಟು ಈಜಿರಲಾರದು.

"ಇದನ್ನ ಕತ್ತರಿಸ್ಬ್ಯಾಡ, ಇಂಗೇ ಆಕು," ಎಂದರು. ಹಾಗೆಯೇ ಹಾಕಿದೆ. ಹಿಂದಿನವಕ್ಕಿಂತ ಹೆಚ್ಚು ಜನ ನೋಡಿದರು. ಕೊಪ್ಪದ ಒಬ್ಬ ಹೆಂಗಸು "ನಮ್ಮ ಮನೆಯ ಮಾತನ್ನೇ ಕೇಳಿದ ಹಾಗಾಯಿತು, ಮುಂದಿನ ಸಲ ಸೊಸೆಯ ಗೊಣಗಾಟವೂ ಕೇಳಲಿ" ಎಂದು ಬರೆದರು. ಅತ್ತೆ ಅದನ್ನು ಎರಡು ಸಲ ಓದಿಸಿ ಕೇಳಿದರು.

ಅಲ್ಲಿಗೆ ನನ್ನ ಕಷ್ಟ ಶುರುವಾಯಿತು. ಈಗ ಕ್ಯಾಮೆರಾ ಆನ್ ಮಾಡಿದರೆ ನನ್ನ ನಾಲಿಗೆ ಒಣಗುತ್ತದೆ. ಶಾಲೆಯಿಂದ ಬರುವ ಬಸ್ಸಿನಲ್ಲಿ ಒಳ್ಳೊಳ್ಳೆಯ ಗೊಣಗಾಟ ಯೋಚಿಸಿಟ್ಟುಕೊಂಡು ಬರುತ್ತೇನೆ, ಒಲೆ ಮುಂದೆ ಒಂದೂ ನೆನಪಾಗುವುದಿಲ್ಲ. ಅತ್ತೆ ಸೌಟು ಕೆಳಗಿಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ.

"ಯಾಕವ್ವ ಸುಮ್ಕೆ ನಿಂತಿದ್ದೀಯೆ? ಅಷ್ಟೊಂದು ಜಾಗ ತಂದು ಮಡಗಿದ್ದೀಯಲ್ಲ, ಬೊಯ್ಯಿ."

ಉಗ್ರಾಣದಲ್ಲಿ ಡಿಸ್ಕುಗಳು ಕಟಕಟ ಎನ್ನುತ್ತಾ ಕಾಯುತ್ತವೆ. ಮುಕ್ಕಾಲು ಪಾಲು ಇನ್ನೂ ಖಾಲಿ ಇವೆ. ನನ್ನ ಬಾಯಿಗೆ ಮಾತ್ರ, "ಸಾರು ಘಮ್ ಅಂತಿದೆ ಅತ್ತೆ" ಎಂಬುದಕ್ಕಿಂತ ಬೇರೇನೂ ಬರುವುದಿಲ್ಲ.